ಲೇಡೀಸ್ ಡಬ್ಬಾದಲ್ಲಿ ಅಕ್ಕನ ಸರದಿ

ದಿನಾಂಕ ೨೦೦೫ರ ಜನವರಿ ೧೪, ಶುಕ್ರವಾರ, ಮಕರ ಸಂಕ್ರಾಂತಿ. ಆಧಾರ: ಆ ವರ್ಷದ ನನ್ನ ಕಿಸೆ ಡೈರಿ. ಆ ಪುಟದಲ್ಲಿರುವುದು ಒಂದೇ ಸಾಲು: ‘ಅಕ್ಕ ದಿವಾದಲ್ಲಿ ಇಳಿದಳು.’ ವಾರವನ್ನೂ ಹಬ್ಬವನ್ನೂ ಅದೇ ವರ್ಷದ ಗೋಡೆ ಕ್ಯಾಲೆಂಡರಿನೊಂದಿಗೆ ಹೋಲಿಸಿ ನೋಡಿದ್ದೇನೆ, ತಾಳೆಯಾಗುತ್ತವೆ. ಹಳೆಯ ಬಂದರುಗಳ ಕಾಗದಪತ್ರ ಓದುವುದರಲ್ಲೇ ನೌಕರಿಯ ವರ್ಷಗಳನ್ನು ಕಳೆದ ನನಗೆ, ಸ್ವಂತ ಮನೆಯ ಸಂಗತಿಯನ್ನೂ ಆಧಾರ ನೋಡದೆ ಬರೆಯಲು ಕೈ ಬರುವುದಿಲ್ಲ.

ಆಗ ನಾವು ಮುಂಬೈ ಹೊರವಲಯದ ಡೊಂಬಿವಲಿಯಲ್ಲಿದ್ದೆವು. ಅಕ್ಕನಿಗೆ ಠಾಣೆಯ ಕೋಪರಿಯಲ್ಲಿದ್ದ ಬ್ಯಾಂಕೊಂದರ ಶಾಖೆಯಲ್ಲಿ ಕೆಲಸ. ನಾನು ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯಬೇಕು. ಬೆಳಿಗ್ಗೆ ಇಬ್ಬರೂ ಕಲ್ಯಾಣದಿಂದ ಬರುವ ಒಂದೇ ಸ್ಲೋ ಟ್ರೇನು ಹತ್ತುತ್ತಿದ್ದೆವು, ಅವಳು ಲೇಡೀಸ್ ಡಬ್ಬಾಕ್ಕೆ, ನಾನು ಅದಕ್ಕೆ ತಗುಲಿದ ಜನರಲ್ ಡಬ್ಬಾಕ್ಕೆ. ನಡುವೆ ಒಂದು ಕಬ್ಬಿಣದ ಜಾಲರಿ. ಆ ಜಾಲರಿಗೆ ಬೆನ್ನು ಕೊಟ್ಟು ನಿಂತರೆ ಗದ್ದಲ ಸ್ವಲ್ಪ ಕಡಿಮೆ ಎಂಬ ಕಾರಣಕ್ಕೆ ಅದು ನನ್ನ ಕಾಯಂ ಜಾಗವಾಗಿತ್ತು. ಆಚೆ ಬದಿಯಲ್ಲಿ ಹೆಂಗಸರ ಭಜನಾ ಮಂಡಳಿಯೊಂದು ಪ್ರತಿದಿನ ತಾಳ ಹಿಡಿದು ಹಾಡುತ್ತಿತ್ತು. ಅಕ್ಕ ಅವರಿಂದ ದೂರ, ಬಾಗಿಲಿನ ಹತ್ತಿರ ನಿಲ್ಲುತ್ತಿದ್ದಳು.

ಆ ಸಂಕ್ರಾಂತಿಯ ದಿನ ಮಂಡಳಿಯವರು ಎಳ್ಳುಂಡೆ ಹಂಚುತ್ತ, ಸೀಟಿನಿಂದ ಸೀಟಿಗೆ ಅರಿಶಿನ ಕುಂಕುಮದ ಭರಣಿ ದಾಟಿಸುತ್ತ ಬಂದರು. ಭರಣಿ ಬಾಗಿಲ ಬಳಿ ಬರುವ ಹೊತ್ತಿಗೆ ಠಾಣೆಗಿಂತ ಮೊದಲಿನ ದಿವಾ ಸ್ಟೇಷನ್ ಬಂತು. ಅಕ್ಕ ಬ್ಯಾಗನ್ನು ಎದೆಗೆ ಒತ್ತಿಕೊಂಡು ಜನರ ನಡುವೆ ನುಸುಳಿ ಇಳಿದುಬಿಟ್ಟಳು. ಗಾಡಿ ಹೊರಟಾಗ ಅವಳು ಪ್ಲಾಟ್‌ಫಾರ್ಮಿನಲ್ಲಿ ಬೇರೆ ಕಡೆ ನೋಡುತ್ತ ನಿಂತದ್ದು ನನಗೆ ಕಂಡಿತು. ಸಂಜೆ ಕೇಳಿದೆ.

“ಎಂತ ಆಯ್ತು, ದಿವಾದಲ್ಲಿ ಇಳಿದದ್ದು?”

“ಕುಂಕುಮ ಬರ್ತಾ ಇತ್ತು.”

“ಬೇಡ ಅಂದ್ರೆ ಮುಗೀತಿತ್ತಲ್ಲ.”

“ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ. ಹಬ್ಬದ ದಿನ ಬೆಳಿಗ್ಗೆ ಬೆಳಿಗ್ಗೆ ನಾನು ಕಾರಣ ಹೇಳುದು, ಅವರು ಮುಖ ಸಣ್ಣ ಮಾಡುದು. ಅದಕ್ಕಿಂತ ಇಳಿಯುದೇ ಸುಖ ಮಾರಾಯ. ದಿವಾದಲ್ಲಿ ಗಾಳಿ ಒಳ್ಳೆದಿತ್ತು.”

ಅಕ್ಕನಿಗೆ ಮೂವತ್ತು ತುಂಬುವ ಮೊದಲೇ ಭಾವ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಬ್ಯಾಂಕಿನ ಕೆಲಸ ಇದ್ದುದರಿಂದ ಅವಳು ಉಡುಪಿಗೆ ಹಿಂತಿರುಗದೆ ನಮ್ಮೊಂದಿಗೆ ಇರಲು ಬಂದಳು. ಬಣ್ಣದ ಸೀರೆ ಉಡುತ್ತಿದ್ದಳು, ಹಣೆಗೆ ಸಣ್ಣ ಕಪ್ಪು ಬೊಟ್ಟು ಇಡುತ್ತಿದ್ದಳು. ಶಾಖೆಯಲ್ಲಿ ಗಟ್ಟಿ ಹೆಂಗಸು ಎಂದೇ ಹೆಸರು. ಸಹಿ ತಪ್ಪು ಮಾಡಿಕೊಂಡು ಬಂದ ಹೋಟೆಲಿನ ಧಣಿಗಳನ್ನು ಎರಡನೆಯ ಬಾರಿ ಸಾಲಿನಲ್ಲಿ ನಿಲ್ಲಿಸುವಷ್ಟು ಗಟ್ಟಿ. ಆದರೆ ಅದೇ ಅಕ್ಕ ಮನೆಯ ಬಾಗಿಲಿನಲ್ಲಿ ಬೇರೆಯೇ ಮನುಷ್ಯಳಾಗುತ್ತಿದ್ದಳು. ನಮ್ಮ ಕಟ್ಟಡಕ್ಕೆ ಇದ್ದದ್ದು ಒಂದೇ ಮೆಟ್ಟಿಲಸಾಲು. ಬೆಳಿಗ್ಗೆ ಯಾರಾದರೂ ಪರೀಕ್ಷೆಗೋ ಇಂಟರ್‌ವ್ಯೂಗೋ ಹೊರಡುವ ಸುಳಿವು ಸಿಕ್ಕಿದರೆ ಅವಳು ಚಪ್ಪಲಿ ಮೆಟ್ಟಿ, ಬ್ಯಾಗು ಹೆಗಲಿಗೇರಿಸಿ, ಬಾಗಿಲ ಹಿಂದೆಯೇ ನಿಂತು ಹೆಜ್ಜೆಯ ಸದ್ದು ಕೆಳಗಿಳಿಯುವವರೆಗೆ ಕಾಯುತ್ತಿದ್ದಳು. ಹೊರಟವರಿಗೆ ಎದುರಾಗಿ ಮೊದಲು ಕಾಣುವ ಮುಖ ತನ್ನದಾಗಬಾರದು. ಹಾಗೆ ಕಾದು ಎಷ್ಟೋ ಸಲ ಟ್ರೇನು ತಪ್ಪಿಸಿಕೊಂಡಿದ್ದಾಳೆ. ಬ್ಯಾಂಕಿನಲ್ಲಿ ಮಾತ್ರ ‘ಗಾಡಿ ಲೇಟು’ ಎಂದು ರೈಲ್ವೆಯವರ ಮೇಲೆ ಹೊರಿಸುತ್ತಿದ್ದಳು.

ಇದನ್ನು ಯಾರೂ ಅವಳ ಮೇಲೆ ಹೇರಿರಲಿಲ್ಲ, ಅಥವಾ ಹಾಗೆಂದು ನಾನು ನಂಬಿದ್ದೆ. ಹೊಸದಾಗಿ ವಿಧವೆಯಾಗಿ ಊರಿಗೆ ಹೋಗಿದ್ದಾಗ ನೋಡಿದ ಮುಖಗಳು, ಕೇಳಿದ ಪಿಸುಮಾತುಗಳು ಅವಳೊಳಗೆ ಎಲ್ಲೋ ಇಳಿದು ಗಟ್ಟಿಯಾಗಿದ್ದವು. ನಾನು ಸುಮ್ಮನಿದ್ದವನಲ್ಲ. ಇಂಥ ಆಚರಣೆಗಳು ಎಲ್ಲ ಕಾಲದಲ್ಲೂ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲವೆಂದು ಊಟದ ಹೊತ್ತಿನಲ್ಲಿ ಆಧಾರ ಸಹಿತ ವಿವರಿಸುತ್ತಿದ್ದೆ. ಅವಳು ತಾಳ್ಮೆಯಿಂದ ಕೇಳಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ ಹೇಳುತ್ತಿದ್ದಳು: “ನೀನು ಹೇಳುದು ಸರಿಯೇ ಇರ್ಬಹುದು. ಆದ್ರೆ ನಾನು ಬಾಗಿಲು ತೆಗೀವಾಗ ನಿನ್ನ ಪುಸ್ತಕ ಎಲ್ಲಿರ್ತದೆ?”

ಸಂಕ್ರಾಂತಿಯ ನಂತರದ ಸೋಮವಾರ ಮಂಡಳಿಯ ಮುಖ್ಯಸ್ಥೆ ತನ್ನ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟು ಅಕ್ಕನಿಗೆ ಜಾಗ ಹಿಡಿದಿದ್ದರು. ಕಲ್ಯಾಣದಿಂದ ಬರುತ್ತಿದ್ದ ಮರಾಠಿ ಶಾಲೆಯ ಉಪಾಧ್ಯಾಯಿನಿ. ಡಬ್ಬಾದಲ್ಲಿ ಎಲ್ಲರಿಗೂ ಅವರು ‘ಟೀಚರ್’. ತೆಂಕಣ ಹೆಂಗಸರನ್ನು ಕರೆಯುವ ಮುಂಬೈ ರೂಢಿಯಂತೆ ಅವರೂ ಕರೆದರು: “ಅಕ್ಕಾ, ಬಸಾ. ಇಲ್ಲಿ ಕೂತ್ಕೊಳ್ಳಿ.” ಅವರ ಮರಾಠಿಯೂ ಅಕ್ಕನ ಅರೆಬರೆ ಮರಾಠಿಯೂ ಜಾಲರಿಯ ಮೂಲಕ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಶುಕ್ರವಾರ ದಿವಾದಲ್ಲಿ ಯಾಕೆ ಇಳಿದ್ರಿ?”

“ಕೆಲಸ ಇತ್ತು.”

“ದಿವಾದಲ್ಲಿ? ಬೆಳಿಗ್ಗೆ?” ಟೀಚರ್ ನಕ್ಕರು. “ನನ್ನ ಶಾಲೆಯ ಮಕ್ಕಳು ಇದಕ್ಕಿಂತ ಒಳ್ಳೇ ಸುಳ್ಳು ಹೇಳ್ತಾರೆ ಅಕ್ಕಾ. ಇರಲಿ. ಬಾಗಿಲಲ್ಲಿ ನಿಂತು ನೀವು ಗುನುಗುನು ಹಾಡ್ತೀರಿ, ನಾನು ಕೇಳಿದ್ದೇನೆ. ಕೂತು ಹಾಡಿ.”

ಅಕ್ಕ ತನ್ನ ಷರತ್ತು ಹೇಳಿದಳು: “ಹಾಡಲಿಕ್ಕೆ ಬರ್ತೇನೆ. ಕುಂಕುಮಕ್ಕೆ ಇಲ್ಲ.” ಟೀಚರ್ ಕಾರಣ ಕೇಳಲಿಲ್ಲ. ಕಪ್ಪು ಬೊಟ್ಟು ಅವರಿಗೆ ಕಂಡಿರಬೇಕು. ಒಂದು ಜೊತೆ ತಾಳವನ್ನು ಅಕ್ಕನ ಮಡಿಲಿಗೆ ಹಾಕಿದರು.

ಆ ಮಂಡಳಿಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು ಸರದಿ. ದಿನಕ್ಕೊಬ್ಬರು ನಾಮಸ್ಮರಣೆಯನ್ನು ಎತ್ತಿಕೊಡಬೇಕು. ಆ ದಿನದ ಪ್ರಸಾದವನ್ನೂ, ಹಬ್ಬವಾದರೆ ಅರಿಶಿನ ಕುಂಕುಮವನ್ನೂ ಅವರೇ ಹಂಚಬೇಕು. ಸರದಿ ಕೂತ ಸಾಲಿನ ಪ್ರಕಾರ ಹೋಗುತ್ತದೆ, ವಯಸ್ಸಿನ ಪ್ರಕಾರವಲ್ಲ. ಎರಡನೆಯದು ಪಾದಯಾತ್ರೆ ಮಾಡುವ ವಾರಕರಿ ಭಕ್ತರಿಂದ ಬಂದ ಪದ್ಧತಿ. ಮುಂಬ್ರಾ ದಾಟಿ ಹಾಡು ಮುಗಿದ ಮೇಲೆ, ಕಳ್ವಾ ಮತ್ತು ಠಾಣೆಯ ನಡುವೆ, ಪ್ರತಿಯೊಬ್ಬರೂ ತಮ್ಮ ಪಕ್ಕದವರ ಕಾಲು ಮುಟ್ಟಿ ನಮಸ್ಕರಿಸಬೇಕು. ಪಕ್ಕದವರೂ ಒಡನೆ ಇವರ ಕಾಲು ಮುಟ್ಟಬೇಕು. ಚಿಕ್ಕವರು ದೊಡ್ಡವರಿಗೆ ಮಾತ್ರ ಎಂಬ ನಿಯಮವಿಲ್ಲ. ಬಗ್ಗಲು ಜಾಗವಿಲ್ಲದಷ್ಟು ನೂಕುನುಗ್ಗಲಿದ್ದರೆ ಮೊಣಕಾಲು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರೂ ಸಾಕು.

ಮೊದಲ ದಿನ ಪಕ್ಕದಲ್ಲಿದ್ದವಳು ಹೊಸದಾಗಿ ಮದುವೆಯಾದ ಹುಡುಗಿ. ಅವಳು ಬಗ್ಗಿದ ಕೂಡಲೇ ಅಕ್ಕ ಎರಡೂ ಕಾಲುಗಳನ್ನು ಸೀಟಿನ ಕೆಳಗೆ ಎಳೆದುಕೊಂಡಳು.

“ಕಾಲು ಒಳಗೆ ಎಳೀಬೇಡಿ ಅಕ್ಕಾ,” ಎಂದರು ಟೀಚರ್. “ಆ ಹುಡುಗಿ ಬಿಡೋಳಲ್ಲ, ಸೀಟಿನ ಕೆಳಗೆ ನುಗ್ಗಿ ಮುಟ್ತಾಳೆ. ಹೊಸ ಸೀರೆ ಬೇರೆ ಉಟ್ಟಿದ್ದಾಳೆ, ಪಾಪ.”

ಡಬ್ಬಾ ಪೂರ್ತಿ ನಕ್ಕಿತು. ಅಕ್ಕ ಕಾಲು ಮುಂದೆ ಇಟ್ಟಳು. ಆ ದಿನ ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದಳು: “ಎಲ್ಲರೂ ನನ್ನ ಕಾಲು ಮುಟ್ಟುದು, ನಾನು ಎಲ್ಲರದ್ದು ಮುಟ್ಟುದು. ಯಾರು ದೊಡ್ಡವರು ಅಂತ ಲೆಕ್ಕವೇ ಇಲ್ಲ ಮಾರಾಯ.”

“ಮುಂಬ್ರಾ ದಾಟಿದ ಮೇಲೆ ಎಲ್ಲರೂ ಒಂದೇ ಅಂತಾಯ್ತು,” ಎಂದಳು ನನ್ನ ಹೆಂಡತಿ.

“ಠಾಣೆಯಲ್ಲಿ ಇಳೀವಾಗ ಮತ್ತೆ ಬೇರೆ ಬೇರೆ. ಮೊಣಕೈಯಲ್ಲಿ ತಿವಿದು ಇಳೀತಾರೆ.”

ಹೀಗೆ ಆರಂಭವಾದದ್ದು ದಿನಚರಿಯಾಯಿತು. ಬೆಳಿಗ್ಗೆ ಮನೆಯಲ್ಲಿ ಹಾಲು ಕಾಯಿಸುತ್ತ ಆ ದಿನದ ನಾಮಗಳನ್ನು ಅವಳು ಸಣ್ಣ ದನಿಯಲ್ಲಿ ಒಮ್ಮೆ ಹೇಳಿಕೊಳ್ಳುತ್ತಿದ್ದಳು. ಅಭಂಗಗಳ ಮರಾಠಿಗೆ ಉಡುಪಿಯ ಎಳೆತ ಸೇರಿ ನನ್ನ ಹೆಂಡತಿಗೆ ನಗು ತಡೆಯಲಾಗುತ್ತಿರಲಿಲ್ಲ. ಕೆಲವು ತಿಂಗಳ ನಂತರ ಮಂಡಳಿಯವರು ಅಕ್ಕನಿಂದ ಕನ್ನಡದ ದೇವರನಾಮ ಕಲಿತರು. ಆಗ ನಗುವ ಸರದಿ ಅಕ್ಕನದಾಯಿತು. ಜ್ವರ ಬಂದ ದಿನಗಳನ್ನು ಬಿಟ್ಟರೆ ಅವಳು ಭಜನೆ ತಪ್ಪಿಸಿದ್ದು ನನಗೆ ನೆನಪಿಲ್ಲ. ಟ್ರೇನು ತಪ್ಪಿದರೆ ಭಜನೆ ತಪ್ಪುತ್ತದೆ ಎಂಬುದೂ ಒಂದು ಒತ್ತಡವಾಗಿರಬೇಕು. ಬಾಗಿಲ ಹಿಂದೆ ಕಾಯುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ಮೇಲಿನ ಮಹಡಿಯ ಅಜ್ಜಿ ಕಣ್ಣಿನ ಆಪರೇಷನ್ನಿಗೆ ಹೊರಟಾಗ ಅಕ್ಕ ಅವರ ಚೀಲ ಹಿಡಿದು, ಕೈಹಿಡಿದು ಕೆಳಗಿಳಿಸಿ ರಿಕ್ಷಾ ಹತ್ತಿಸಿದಳು. ತಾನೇನು ಮಾಡಿದೆನೆಂಬ ಪರಿವೆ ಅವಳಿಗಿದ್ದಂತೆ ಕಾಣಲಿಲ್ಲ. ಈ ಪ್ರಸಂಗದ ತಾರೀಖು ನನ್ನ ಡೈರಿಯಲ್ಲಿಲ್ಲ. ಮಳೆಗಾಲವಾಗಿತ್ತು ಎಂಬುದಷ್ಟೇ ಖಚಿತ.

ನನ್ನ ವಾದಗಳು ಸೋತಲ್ಲಿ ಇದು ಹೇಗೆ ಗೆದ್ದಿತು ಎಂದು ಆಮೇಲೆ ಹಲವು ಬಾರಿ ಯೋಚಿಸಿದ್ದೇನೆ. ಬಹುಶಃ ನಾನು ಅವಳಿಗೆ ನಂಬಿಕೆಯೊಂದನ್ನು ಬಿಟ್ಟುಬಿಡು ಎನ್ನುತ್ತಿದ್ದೆ. ಮಂಡಳಿಯವರು ಏನನ್ನೂ ಬಿಡು ಎನ್ನಲಿಲ್ಲ. ಬಗ್ಗು, ಬಗ್ಗಿದವರಿಗೆ ಕಾಲು ಕೊಡು ಎಂದರು, ಅಷ್ಟೆ. ತನ್ನ ಮುಖ ಅಪಶಕುನ ಎಂದುಕೊಂಡವಳನ್ನು ಬೆಳಗಾದರೆ ಬಸುರಿಯರೂ ಮದುವೆ ಗೊತ್ತಾದವರೂ ಹುಡುಕಿಕೊಂಡು ಬಂದು ನಮಸ್ಕರಿಸುತ್ತಿದ್ದರು, ಅವಳು ದೇವರ ಹೆಸರು ಹೇಳುತ್ತ ಅದನ್ನು ಒಪ್ಪಿಸಿಕೊಳ್ಳಬೇಕಾಗಿತ್ತು. ನಿತ್ಯವೂ ಹೀಗೆ ನಡೆದರೆ ಒಳಗಿನ ಗಂಟು ಎಷ್ಟು ದಿನ ಬಿಗಿಯಾಗಿ ಉಳಿದೀತು?

ಆದರೂ ಮನೆಯ ಶುಭಕಾರ್ಯಗಳಲ್ಲಿ ಅಕ್ಕ ಹಿಂದೆಯೇ ಉಳಿದಳು. ನನ್ನ ಮಗಳ ಮದುವೆ ಡೊಂಬಿವಲಿಯ ಛತ್ರವೊಂದರಲ್ಲಿ ನಡೆಯಿತು: ೨೦೦೮ರ ನವೆಂಬರ್ ೧೬, ಭಾನುವಾರ, ಆಮಂತ್ರಣ ಪತ್ರಿಕೆಯಿಂದ ಖಚಿತಪಡಿಸಿಕೊಂಡಿದ್ದೇನೆ. ಮಗಳನ್ನು ಎತ್ತಿ ಆಡಿಸಿ, ಶಾಲೆಗೆ ಕಳಿಸಿ ಬೆಳೆಸಿದವಳು ಅಕ್ಕ. ಆರತಿಯ ಹೊತ್ತಿನಲ್ಲಿ ಅವಳು ಛತ್ರದ ಅಡುಗೆಮನೆಯಲ್ಲಿ ಹೋಳಿಗೆ ಎಣಿಸುತ್ತ ಕೂತಿದ್ದಳೆಂಬುದು ನಮ್ಮ ಮನೆಯಲ್ಲಿ ಎಲ್ಲರ ನೆನಪು. ಮಗಳಿಗೆ ಅದು ಚುಚ್ಚಿತ್ತು. ಮರುವರ್ಷ ಮಗಳ ಮೊದಲ ಬಸಿರು ನಿಲ್ಲಲಿಲ್ಲ. ಬಸಿರಾದ ಸುದ್ದಿ ಹೇಳಲು ಮಗಳು ಮನೆಗೆ ಬಂದಿದ್ದಾಗ ಬಾಗಿಲು ತೆಗೆದದ್ದು ಅಕ್ಕ. ಅದನ್ನು ಅವಳು ಯಾರಿಗೂ ಹೇಳದೆ ತನ್ನ ಲೆಕ್ಕಕ್ಕೆ ಹಾಕಿಕೊಂಡಿದ್ದಳು ಎಂದು ನನ್ನ ಹೆಂಡತಿಗೆ ಅನುಮಾನ.

ಎರಡನೆಯ ಬಸಿರಿನಲ್ಲಿ ಸೀಮಂತ ನಿಶ್ಚಯವಾಯಿತು, ನೆರುಳಿನ ಮಗಳ ಫ್ಲ್ಯಾಟಿನಲ್ಲಿ. ಅಕ್ಕ ಬರುವುದಿಲ್ಲ ಎಂದಳು. ಬ್ಯಾಂಕಿನ ಕೆಲಸ ಎಂಬ ಕಾರಣ ಕೊಟ್ಟಳು. ಅದು ಭಾನುವಾರ. ಮಗಳು ಫೋನ್ ಮಾಡಿ ಸ್ಪೀಕರಿಗೆ ಹಾಕಲು ಹೇಳಿದಳು. ಡೊಂಬಿವಲಿಯಲ್ಲಿ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಸಿಟ್ಟು ಬಂದರೆ ಹಿಂದಿ ಬರುತ್ತದೆ.

“ದೊಡ್ಡತ್ತೆ, ಸುನೋ. ಮದುವೇಲಿ ನೀವು ಕಿಚನ್‌ನಲ್ಲಿ ಕೂತ್ರಿ, ನಾನು ಚುಪ್ ಇದ್ದೆ. ಈ ಸಲ ನೀವು ಬರ್ದಿದ್ರೆ ಸೀಮಂತ ಕ್ಯಾನ್ಸಲ್. ಪಕ್ಕಾ.”

“ಹಾಗೆಲ್ಲ ಹೇಳ್ಬಾರ್ದು ಮಗಾ. ಈ ಸಲ ಎಲ್ಲ ಸರಿಯಾಗ್ಲಿ ಅಂತಲೇ ನಾನು—”

“ನೀವಿದ್ರೇನೇ ಸರಿಯಾಗೋದು. ಬಸ್.” ಫೋನ್ ಇಟ್ಟಳು.

ಮರುದಿನ ಟ್ರೇನಿನಲ್ಲಿ ಅಕ್ಕ ಟೀಚರ್ ಬಳಿ ಏನೋ ಹೇಳಿದಳು. ತಾಳದ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಟೀಚರ್ ಕೊಟ್ಟ ಉತ್ತರ ಮಾತ್ರ ಕೇಳಿತು: “ಹೋಗಿ ಅಕ್ಕಾ. ಇಲ್ಲಿ ಮಾಡೋದನ್ನೇ ಅಲ್ಲಿ ಮಾಡಿ.”

೨೦೧೦ರ ಫೆಬ್ರವರಿ ೨೧, ಭಾನುವಾರ. ಮಗಳು ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ಮುತ್ತೈದೆಯರು ಒಬ್ಬೊಬ್ಬರಾಗಿ ಕುಂಕುಮವಿಟ್ಟು ಹೋದರು. ಅಕ್ಕ ತಾಂಬೂಲದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಎಲ್ಲರದೂ ಮುಗಿಯಿತು ಎನ್ನುವಾಗ ಮಗಳು ಆ ಕಡೆಗೆ ಕೈ ಚಾಚಿದಳು.

“ದೊಡ್ಡತ್ತೆ, ಬನ್ನಿ.”

ಅಳಿಯನ ಅಜ್ಜಿ, ಎಂಬತ್ತರ ಆಸುಪಾಸಿನವರು, ನನ್ನ ಹೆಂಡತಿಯ ಮುಖ ನೋಡಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅಕ್ಕ ತಟ್ಟೆಯನ್ನು ಕೆಳಗಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು, ಬಂದಳು. ಬಂದವಳು ಕುಂಕುಮಕ್ಕೆ ಕೈ ಹಾಕಲಿಲ್ಲ. ಬಗ್ಗಿ ಮಗಳ ಮೊಣಕಾಲು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ಮಗಳಿಗೆ ಈ ಪದ್ಧತಿ ಗೊತ್ತಿತ್ತು. ಕಾಲೇಜಿಗೆ ಹೋಗುವಾಗ ಅಕ್ಕನ ಜೊತೆ ಅದೇ ಡಬ್ಬಾದಲ್ಲಿ ಹೋಗುತ್ತಿದ್ದವಳು. ಹೊಟ್ಟೆ ಬಿಟ್ಟಷ್ಟು ಬಗ್ಗಿ ಅವಳೂ ಅಕ್ಕನ ಮೊಣಕಾಲು ಮುಟ್ಟಿದಳು. ಆಮೇಲೆ ಅಕ್ಕ ಕುಂಕುಮದ ಬಟ್ಟಲು ತೆಗೆದುಕೊಂಡು ಅವಳ ಹಣೆಗಿಟ್ಟಳು. ಬೊಟ್ಟು ದುಂಡಗೆ, ನಡು ಹಣೆಯಲ್ಲಿ ಕೂತಿತು.

ಅಜ್ಜಿಗೆ ತಡೆಯಲಾಗಲಿಲ್ಲ. “ಬಸುರಿಯ ಕಾಲು ಹಿರಿಯರು ಮುಟ್ಟುದುಂಟಾ? ಇದು ಯಾವ ಊರಿನ ಪದ್ಧತಿ?”

“ಊರಿಂದಲ್ಲ ಅಮ್ಮ,” ಎಂದಳು ಅಕ್ಕ. “ಟ್ರೇನಿಂದು. ಸ್ಲೋ ಟ್ರೇನು, ಹಾಗಾಗಿ ಬರ್ಲಿಕ್ಕೆ ತಡ ಆಯ್ತು.”

ಮೊದಲು ನಕ್ಕವರು ಅಜ್ಜಿಯೇ. ಏಪ್ರಿಲಿನಲ್ಲಿ ಮೊಮ್ಮಗ ಹುಟ್ಟಿದ, ಆರೋಗ್ಯವಾಗಿ. ನಾಮಕರಣದ ದಿನ ಅವನ ಕಿವಿಯಲ್ಲಿ ಹೆಸರು ಹೇಳಿದ್ದು ಅಕ್ಕ. ಆ ಬಳಿಕ ನಮ್ಮ ಮನೆಯ ಯಾವ ಕಾರ್ಯದಲ್ಲೂ ಅವಳನ್ನು ಕರೆಯಬೇಕಾಗಲಿಲ್ಲ. ತಾನೇ ಬಂದು ನಿಲ್ಲುತ್ತಾಳೆ, ಆರತಿಯ ಹಾಡನ್ನು ಬೇರೆಯವರು ತಪ್ಪು ಹಾಡಿದರೆ ತಿದ್ದುತ್ತಾಳೆ.

ಇಷ್ಟನ್ನು ನಾನು ಬಹಳ ವರ್ಷ ಹೀಗೆಯೇ ಹೇಳಿಕೊಂಡು ಬಂದೆ: ಅಕ್ಕ ಮೊದಲ ಬಾರಿ ಇನ್ನೊಬ್ಬರಿಗೆ ಕುಂಕುಮ ಇಟ್ಟದ್ದು ೨೦೧೦ರ ಫೆಬ್ರವರಿ ೨೧ರಂದು, ನೆರುಳಿನಲ್ಲಿ.

೨೦೧೫ರಲ್ಲಿ ಅಕ್ಕನೂ ನಾನೂ ಟೀಚರ್ ಮನೆಗೆ ಹೋದೆವು. ನಿವೃತ್ತರಾದ ಮೇಲೆ ಅವರು ಮಗನೊಂದಿಗೆ ಬದಲಾಪುರಕ್ಕೆ ಹೋಗಿದ್ದರು. ಚಹಾ ಆದ ಮೇಲೆ ಮಂಡಳಿಯ ಹಳೆಯ ಫೋಟೊಗಳನ್ನು ಹರಡಿದರು. ಒಂದರಲ್ಲಿ ಟ್ರೇನಿನ ಕಿಟಕಿಗಳಿಗೆ ಗೊಂಡೆಹೂವಿನ ಮಾಲೆ. ದಸರೆಯ ಮುಂಚಿನ ದಿನ ಡಬ್ಬಾ ಪೂಜೆ ಮಾಡುವ ರೂಢಿಯದು. ನಡುವೆ ಅಕ್ಕ, ಬಸುರಿ ಹುಡುಗಿಯೊಬ್ಬಳ ಹಣೆಗೆ ಕುಂಕುಮ ಇಡುತ್ತಿದ್ದಾಳೆ. ಮೂಲೆಯಲ್ಲಿ ಕ್ಯಾಮೆರಾ ಮುದ್ರಿಸಿದ ತಾರೀಖು: ೮-೧೦-೨೦೦೮. ಕ್ಯಾಮೆರಾಗಳ ತಾರೀಖನ್ನು ಒಮ್ಮೆಗೇ ನಂಬುವಂತಿಲ್ಲ. ಕ್ಯಾಲೆಂಡರಿನ ಪ್ರಕಾರ ಆ ವರ್ಷದ ವಿಜಯದಶಮಿ ಮರುದಿನವೇ. ಆ ಹುಡುಗಿಯ ಮಗು ಅದೇ ಚಳಿಗಾಲದಲ್ಲಿ ಹುಟ್ಟಿದ್ದೆಂದು ಟೀಚರ್ ಕೂಡ ಹೇಳಿದರು. ತಾರೀಖು ಸರಿಯಾಗಿಯೇ ಇತ್ತು.

ಬದಲಾಪುರದಿಂದ ಹಿಂತಿರುಗುವ ಗಾಡಿ ಖಾಲಿಯಾಗಿತ್ತು. ಇಬ್ಬರೂ ಒಂದೇ ಡಬ್ಬಾದಲ್ಲಿ ಕೂತೆವು.

“ಅಕ್ಕ, ಆ ಫೋಟೊದ ದಿನ ನೆನಪುಂಟಾ ನಿಂಗೆ?”

“ಇಲ್ಲ. ಅದರಲ್ಲಿ ನೆನಪಿಡ್ಲಿಕ್ಕೆ ಎಂತ ಉಂಟು? ನನ್ನ ಪಾಳಿ ಇತ್ತು, ಇಟ್ಟೆ.”

“ಅದು ಮಗಳ ಮದುವೆಗಿಂತ ಮೊದಲು. ಹಾಗಾದ್ರೆ ಮದುವೆಯಲ್ಲಿ ಯಾಕೆ ಅಡುಗೆಮನೇಲಿ ಕೂತದ್ದು?”

ಅವಳು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದಳು. “ಯಾವ ಅಡುಗೆಮನೆ ಮಾರಾಯ? ನಾನು ಮಂಟಪದ ಹತ್ತಿರವೇ ನಿಂತಿದ್ದೆ. ನೀವು ಪಾಳಿ ಕೊಡ್ಲಿಲ್ಲ. ಆಮೇಲೆ ಒಳಗೆ ಹೋದೆ.” ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಉಲ್ಹಾಸನಗರ ಬಂದಾಗ ಕಿಟಕಿಯಿಂದ ಕಡಲೆಕಾಯಿ ಕೊಂಡು ನನಗೂ ಕೊಟ್ಟಳು.

ಮನೆಗೆ ಬಂದು ಮದುವೆಯ ಡಿವಿಡಿ ಹುಡುಕಿ ಹಾಕಿದೆ. ಆರತಿಯ ಭಾಗ ದೀರ್ಘವಾಗಿಲ್ಲ. ಮಂಟಪದ ಎಡಗಂಬದ ಪಕ್ಕದಲ್ಲಿ ಅಕ್ಕ ಸಾಸಿವೆ ಬಣ್ಣದ ರೇಷ್ಮೆ ಸೀರೆಯಲ್ಲಿ ನಿಂತಿದ್ದಾಳೆ, ಮುತ್ತೈದೆಯರ ಸಾಲಿನಲ್ಲೇ. ಆರತಿಯ ತಟ್ಟೆ ಒಬ್ಬರಿಂದೊಬ್ಬರಿಗೆ ದಾಟುತ್ತ ಅವಳ ಬಳಿ ಬರುತ್ತದೆ. ಅವಳು ಎರಡೂ ಕೈ ಮುಂದೆ ಮಾಡುತ್ತಾಳೆ. ತಟ್ಟೆ ಅವಳ ಮುಂದಿನಿಂದ ಆಚೆಯವರ ಕೈಗೆ ಹೋಗುತ್ತದೆ. ಅವಳು ಅಡುಗೆಮನೆಯಲ್ಲಿದ್ದಳೆಂದು ನನ್ನ ಹೆಂಡತಿ, ಮಗಳು ಮತ್ತು ನಾನು ಇಂದಿಗೂ ಒಂದೇ ರೀತಿ ನೆನಪಿಸಿಕೊಳ್ಳುತ್ತೇವೆ, ಡಿವಿಡಿಯಲ್ಲಿ ಹಾಗಿಲ್ಲ.